ಕೆಲಸ ಕಳೆದುಕೊಂಡ ಕಾರ್ಮಿಕನ ಮರುತರಬೇತಿ: ಹೊಸ ಸಂಹಿತೆಯಲ್ಲಿ ಮಾಲೀಕರ ಹೊಣೆ

ಮಾನ್ವಿ ಭಾಗದ ಅಕ್ಕಿ ಗಿರಣಿಗೆ ಸಾರ್ಟೆಕ್ಸ್ ಯಂತ್ರ ಬಂದರೆ ಕಲ್ಲು, ಕಪ್ಪುಕಾಳು ಆರಿಸುವ ಹೆಣ್ಣಾಳುಗಳ ಅಗತ್ಯ ತಗ್ಗುತ್ತದೆ. ರಾಯಚೂರಿನ ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿಯು ಕೊಳವೆಯೊಳಗಿನ ಗಾಳಿಯಿಂದಲೇ ಸಾಗತೊಡಗಿದರೆ ಹೊರುವವರ ಕೆಲಸ ಹೋಗುತ್ತದೆ. 2000ರಲ್ಲಿ ಆರಂಭವಾದ ಹತ್ತಿ ತಂತ್ರಜ್ಞಾನ ಮಿಷನ್‌ನ ಒಂದು ಭಾಗವೇ ಜಿನ್ನಿಂಗ್ ಹಾಗೂ ಪ್ರೆಸ್ಸಿಂಗ್ ಕಾರ್ಖಾನೆಗಳ ಆಧುನೀಕರಣಕ್ಕೆ ಮೀಸಲಾಗಿತ್ತು. ಯಂತ್ರಕ್ಕೆ ನೆರವು ದೊರೆಯಿತು. ಆದರೆ ಕೆಲಸ ಕಳೆದುಕೊಂಡವನು ಬೇರೆ ಕಸುಬು ಕಲಿಯಲು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಯಾವ ಏರ್ಪಾಡೂ ಇರಲಿಲ್ಲ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದೆ. ಅದರ 83ನೆಯ ಕಲಮಿನಂತೆ, ಛಾಟಿ ಮಾಡಲ್ಪಟ್ಟ ಪ್ರತಿ ಕಾರ್ಮಿಕನಿಗಾಗಿ ಮಾಲೀಕರು ಅವನ ಕೊನೆಯ ವೇತನದ 15 ದಿನಗಳ ಮೊತ್ತವನ್ನು ಮರುಕೌಶಲ್ಯ ನಿಧಿಗೆ ಕಟ್ಟಬೇಕು. ಆ ಮೊತ್ತವು ಛಾಟಿಯಾದ 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಜಮೆಯಾಗಬೇಕು. ನಿಧಿಯನ್ನು ಸರಕಾರವು ಅಧಿಸೂಚನೆಯ ಮೂಲಕ ಸ್ಥಾಪಿಸಬೇಕಾಗಿರುವುದರಿಂದ, ಹಣ ಕಟ್ಟುವ ಕ್ರಮವನ್ನು ಕಾರ್ಮಿಕ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಲೇಸು.

ಇದು ಛಾಟಿ ಪರಿಹಾರದ ಬದಲಿಗಲ್ಲ, ಅದರ ಮೇಲಿನ ಹೊಣೆ. ಉದಾಹರಣೆಗೆ, ಗಿರಣಿಯೊಂದರಲ್ಲಿ ತಿಂಗಳಿಗೆ 15,000 ರೂ. ವೇತನದ ಮೇಲೆ ಪೂರ್ಣ 8 ವರ್ಷ ದುಡಿದವನ ಲೆಕ್ಕ ನೋಡೋಣ. ಒಂದು ತಿಂಗಳ ನೋಟೀಸು ಅಥವಾ ಅದರ ಬದಲಿಗೆ 15,000 ರೂ.; ವರ್ಷಕ್ಕೆ 15 ದಿನದಂತೆ ಪರಿಹಾರ 60,000 ರೂ.; ಮರುಕೌಶಲ್ಯ ನಿಧಿಗೆ 7,500 ರೂ. ಗ್ರಾಚ್ಯುಟಿಯ ಲೆಕ್ಕ ಬೇರೆ. ಅಲ್ಲಿ ತಿಂಗಳ ವೇತನವನ್ನು 26ರಿಂದ ಭಾಗಿಸಬೇಕಾದ್ದರಿಂದ ಮೊತ್ತ 69,231 ರೂ. ಆಗುತ್ತದೆ. ಪರಿಹಾರವನ್ನು ಕೆಲಸದಿಂದ ಬಿಡಿಸುವ ಹೊತ್ತಿಗೇ ಪಾವತಿಸಬೇಕು. “ಸೀಜನ್ ಮುಗಿಯಲಿ, ಆಮೇಲೆ ನೋಡೋಣ” ಎಂದು ತಡೆದರೆ ಛಾಟಿಯೇ ಅಸಿಂಧುವಾಗಿ, ಹಿಂಬಾಕಿ ವೇತನದೊಡನೆ ಮರುನೇಮಕದ ಆದೇಶ ಬರಬಹುದು.

7,500 ರೂಪಾಯಿಯಲ್ಲಿ ಯಾರೂ ಹೊಸ ಕಸುಬು ಕಲಿಯಲಾರರೆಂಬ ಆಕ್ಷೇಪ ಸಹಜ. ಆದರೆ ಇಲ್ಲಿ ನಿಜವಾದ ತೊಡಕು ತರಬೇತಿಯ ಶುಲ್ಕವಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ, ಬ್ಯಾಂಕುಗಳು ಜಿಲ್ಲೆಗೊಂದರಂತೆ ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ, ಪಾಠ ಎಲ್ಲವೂ ಉಚಿತ. ಹೈನುಗಾರಿಕೆಗೆ 10 ದಿನ, ಮೋಟಾರು ರಿವೈಂಡಿಂಗ್‌ಗೆ 30 ದಿನ. ಆ 30 ದಿನ ಮನೆ ನಡೆಯುವುದು ಹೇಗೆ ಎಂಬುದೇ ತೊಡಕು. ಕೂಲಿ ನಿಂತ ಮನೆಯವನು ತರಬೇತಿಗೆ ಹೋಗುವುದಿಲ್ಲ. ದೇವದುರ್ಗದ ಕಡೆಯವನಾದರೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುತ್ತಾನೆ.

ಆದ್ದರಿಂದ ನೋಟೀಸಿನ ಒಂದು ತಿಂಗಳು ಮುಖ್ಯವಾಗುತ್ತದೆ. ಹೇಗೂ ಕೊಡಲೇಬೇಕಾದ ಆ ವೇತನವನ್ನು ಮುಂಗಡವಾಗಿ ಕೊಟ್ಟು, ತರಬೇತಿಯ ತಂಡ ಆರಂಭವಾಗುವ ದಿನಕ್ಕೆ ಹೊಂದುವಂತೆ ಕಾರ್ಮಿಕನನ್ನು ಬಿಡುಗಡೆ ಮಾಡಿದರೆ, ಮಾಲೀಕರಿಗೆ ಬೀಳುವ ಹೆಚ್ಚಿನ ಖರ್ಚು ಸೊನ್ನೆ. ಕಾಲುವೆ ನೀರು, ಪಂಪ್‌ಸೆಟ್ಟುಗಳಿರುವ ಮಾನ್ವಿ ಸೀಮೆಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಬಲ್ಲವನಿಗೆ ಕೆಲಸದ ಬರವಿಲ್ಲ. ಗಿರಣಿಯಲ್ಲಿ ಮೋಟಾರು, ಬೆಲ್ಟುಗಳ ನಡುವೆ ಎಂಟು ವರ್ಷ ಕಳೆದವನಿಗೆ ಆ ವಿದ್ಯೆ ಅರ್ಧ ಬಂದಂತೆಯೇ. ಆದರೆ ಈ ಸಂಸ್ಥೆಗಳು ಮುಖ್ಯವಾಗಿ ಗ್ರಾಮೀಣರಿಗಾಗಿ ಇರುವಂಥವು, ವಯೋಮಿತಿಯೂ ಇದೆ. ಐವತ್ತು ದಾಟಿದ ಹಮಾಲನಿಗೆ ಅಲ್ಲಿ ಪ್ರವೇಶವಿಲ್ಲವೆಂಬುದು ವಿಷಾದದ ಸಂಗತಿ.

ಇನ್ನು ಜಿನ್ನಿಂಗ್ ಕಾರ್ಮಿಕರ ಸ್ಥಿತಿ. ಛಾಟಿ ಪರಿಹಾರ ಪಡೆಯಲು ವರ್ಷದಲ್ಲಿ 240 ದಿನ ದುಡಿದಿರಬೇಕು. ಹತ್ತಿಯ ಹಂಗಾಮಿನಲ್ಲಷ್ಟೇ ನಡೆಯುವ ಕಾರ್ಖಾನೆಯಲ್ಲಿ ಅಷ್ಟು ಹಾಜರಿ ಸಿಗುವುದು ಕಠಿಣ. ಇ.ಎಸ್.ಐ. ಕಾನೂನು ಕೂಡ ಕೇವಲ ಹತ್ತಿ ಜಿನ್ನಿಂಗ್ ಮಾಡುವ ಕಾರ್ಖಾನೆಯನ್ನು ಹಂಗಾಮಿ ಕಾರ್ಖಾನೆಯೆಂದು ಪರಿಗಣಿಸಿ ಹೊರಗಿಟ್ಟಿದೆ. ಹಾಗಾಗಿ 2005ರ ಏಪ್ರಿಲ್ 1ರಂದು ಆರಂಭವಾದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ನಿರುದ್ಯೋಗ ಭತ್ಯೆಯೂ ವೃತ್ತಿ ತರಬೇತಿಯೂ ಆ ಕಾರ್ಮಿಕರಿಗೆ ಎಟುಕಲಿಲ್ಲ. ಅದೇ ಆವರಣದಲ್ಲಿ ಹತ್ತಿಕಾಳಿನ ಎಣ್ಣೆ ಮಿಲ್ಲೂ ನಡೆಯುತ್ತಿದ್ದರೆ “ಕೇವಲ” ಎಂಬ ಪದ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ತಪಾಸಣೆಗೆ ಮೊದಲೇ ಮಾಲೀಕರು ಇದನ್ನು ಇತ್ಯರ್ಥಪಡಿಸಿಕೊಳ್ಳಬೇಕು.

ಸಂಹಿತೆಯ 72ನೆಯ ಕಲಮನ್ನೂ ಗಮನಿಸತಕ್ಕದ್ದು. ಛಾಟಿಯಾದ ಒಂದು ವರ್ಷದೊಳಗೆ ಮತ್ತೆ ಜನರನ್ನು ತೆಗೆದುಕೊಳ್ಳುವಾಗ ಹಳೆಯ ಕಾರ್ಮಿಕನಿಗೆ ಅವಕಾಶ ಕೊಟ್ಟು, ಹೊಸಬರಿಗಿಂತ ಮೊದಲು ಅವನನ್ನು ಪರಿಗಣಿಸಬೇಕು. ಸಾರ್ಟೆಕ್ಸ್ ನಡೆಸಲು ಆಪರೇಟರ್ ಬೇಕಾದಾಗ, ಅಷ್ಟರಲ್ಲಿ ಐ.ಟಿ.ಐ. ಅಥವಾ ಬೇರೆಡೆ ತರಬೇತಿ ಪಡೆದು ಬಂದ ಹಳೆಯ ಆಳು ಗಿರಣಿಗೂ ಅನುಕೂಲ. ಅದಕ್ಕಾಗಿ ಲೆಕ್ಕ ಚುಕ್ತಾ ಮಾಡುವಾಗಲೇ ಅವನ ವಿಳಾಸ, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ರಸೀದಿಯ ಜೊತೆ ಕಡತದಲ್ಲಿ ಇರಿಸಿಕೊಳ್ಳಬೇಕು.