ಪೆಟ್ಟಿಗೆಯೊಳಗಿನ ಖರ್ಜ

ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿ ಮರುಳಾದ ಗದುಗಿನ ಹುಡುಗ ಭೀಮಸೇನ ಜೋಶಿ, 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟದ್ದು ಎಲ್ಲರೂ ಬಲ್ಲ ಕಥೆ. ಯಂತ್ರದಿಂದ ಹೊರಟ ನಾದವೂ ಮನುಷ್ಯನ ಬಾಳನ್ನು ತಿರುಗಿಸಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ನಾದ ನಮ್ಮ ಮನೆಗಳಿಗೆ ಎಷ್ಟರಮಟ್ಟಿಗೆ ಪೂರ್ಣವಾಗಿ ಬಂದೀತು?

ಅದೇ ಸೀಮೆಯ ಕೊರ್ಲಹಳ್ಳಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಸಂಗೀತದ ಹುಚ್ಚುಳ್ಳ ಮಾಸ್ತರರೊಬ್ಬರು ಜೋಶಿಯವರ ಧ್ವನಿಮುದ್ರಿಕೆ ಕೇಳಬಯಸಿದರೆಂದು ಭಾವಿಸೋಣ. ಗಾಯಕ ಕಪ್ಪು ಒಂದರಲ್ಲಿ ಷಡ್ಜ ಹಿಡಿದರೆ ತಂಬೂರಿಯ ಖರ್ಜದ ತಂತಿ ಸೆಕೆಂಡಿಗೆ ಸುಮಾರು 70 ಸಲ ಕಂಪಿಸುತ್ತದೆ. ಸಣ್ಣ ಸ್ಪೀಕರಿನಿಂದ ಈ ಮೂಲನಾದ ಬಾರದು. ಮೇಲಿನ ಸ್ವಯಂಭೂ ಸ್ವರಗಳನ್ನು ಹಿಡಿದು ಕಿವಿಯೇ ಅದನ್ನು ಊಹಿಸಿಕೊಳ್ಳುತ್ತದೆ. ಊಹೆಯ ಖರ್ಜ ಎದೆಗೆ ತಟ್ಟುವುದಿಲ್ಲ.

ಮನೆಯಲ್ಲೇ ಜೋಡಿಸಿಕೊಳ್ಳುವ ಸ್ಪೀಕರ್ ಕಿಟ್ಟು ಇಂಥವರಿಗೆಂದೇ ಹುಟ್ಟಿದ್ದು. ಮಾರುವವನು ತಗ್ಗಿನ ಸ್ವರಗಳಿಗೊಂದು ದೊಡ್ಡ ಸ್ಪೀಕರು, ಮೇಲಿನವಕ್ಕೆ ಟ್ವೀಟರು, ನಾದವನ್ನು ಇವೆರಡಕ್ಕೂ ಹಂಚಿಕೊಡುವ ತಂತಿಯ ಸುರುಳಿ ಮತ್ತು ಕೆಪ್ಯಾಸಿಟರು, ಜೊತೆಗೊಂದು ನಕ್ಷೆ ಕಳುಹುತ್ತಾನೆ. ಸಾಗಣೆಗೆ ಭಾರವಾದ ಪೆಟ್ಟಿಗೆಯನ್ನು ಊರಿನ ಬಡಿಗೇರ ಮಾಡಬೇಕು. ಆ ಪೆಟ್ಟಿಗೆ ಬರಿಯ ಅಲಂಕಾರವಲ್ಲ. ಸ್ಪೀಕರಿನ ಕಾಗದ ಗಾಳಿಯನ್ನು ಮುಂದಕ್ಕೆ ನೂಕಿದ ಕ್ಷಣದಲ್ಲೇ ಹಿಂದಿನ ಗಾಳಿ ತೆಳುವಾಗುತ್ತದೆ. ಖರ್ಜದ ಅಲೆಯ ಉದ್ದ ಸುಮಾರು 5 ಮೀಟರು; ನಡುವೆ ತಡೆಯಿಲ್ಲದಿದ್ದರೆ ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ನುಂಗಿಬಿಡುತ್ತದೆ.

ಹಿಂದೆ ಪೆಟ್ಟಿಗೆಯ ಗಾತ್ರವನ್ನು ಬಹುಮಟ್ಟಿಗೆ ಮಾಡಿ ನೋಡಿಯೇ ತಿಳಿಯಬೇಕಾಗಿತ್ತು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧ ಮತ್ತು 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬರೆದ ಲೇಖನಗಳ ತರುವಾಯ, ಸ್ಪೀಕರಿನ ಕೆಲವು ಗುಣಗಳನ್ನು ಅಳೆದು, ಅದಕ್ಕೆ ತಕ್ಕ ಪೆಟ್ಟಿಗೆಯನ್ನು ಕಾಗದದ ಮೇಲೆಯೇ ಗುಣಿಸಿ ತೆಗೆಯುವುದು ಸಾಧ್ಯವಾಯಿತು. ಕಿಟ್ಟಿನಲ್ಲಿ ಮಾರಾಟವಾಗುವ ನಿಜವಾದ ಸರಕು ಈ ಲೆಕ್ಕವೇ. ಉಳಿದುದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಬಿಡಿಯಾಗಿ ಕೊಂಡರೂ ಆದೀತು. ಆದುದರಿಂದ, ನಡುವೆ ಅಗ್ಗದ ಸ್ಪೀಕರು ಸಿಕ್ಕಿತೆಂದು ಅದನ್ನು ಸೇರಿಸಿ ಹಳೆಯ ನಕ್ಷೆಯನ್ನೇ ಕಳುಹುವ ವ್ಯಾಪಾರಿ, ಅಳೆದು ಕೊಡಬೇಕಾದುದನ್ನು ಅಳೆಯದೆ ಕೊಟ್ಟಂತೆ.

ಲೆಕ್ಕವೂ ನಿಷ್ಠುರವಾದುದು. ಅಮೆರಿಕದ ಆಂಟನ್ ಹಾಫ್‌ಮನ್ನನ ಹೆಸರಿನಲ್ಲಿರುವ ನಿಯಮದಂತೆ, ಅಷ್ಟೇ ವಿದ್ಯುತ್ತಿಗೆ ಅಷ್ಟೇ ಧ್ವನಿಯನ್ನು ಉಳಿಸಿಕೊಂಡು ಒಂದು ಸಪ್ತಕ ಕೆಳಗಿಳಿಯಬೇಕಾದರೆ ಪೆಟ್ಟಿಗೆ ಎಂಟು ಪಟ್ಟು ಹಿಗ್ಗಬೇಕು. ಪುಟ್ಟ ಪೆಟ್ಟಿಗೆ, ತುಂಬು ಖರ್ಜ, ಮಿತವಾದ ವಿದ್ಯುತ್ತು, ಈ ಮೂರನ್ನೂ ಒಟ್ಟಿಗೆ ಕೊಡುವೆನೆನ್ನುವ ಜಾಹೀರಾತನ್ನು ಮಾಸ್ತರರು ಮಡಚಿಡುವುದು ಲೇಸು.

ಇನ್ನು ಬಡಿಗೇರನ ಮಾತು. ಅವನು ಹೊರಮೈ ಅಳೆಯುತ್ತಾನೆ. ನಾದಕ್ಕೆ ಬೇಕಾದುದು ಒಳಗಿನ ಗಾಳಿ. ಹೊರಗೆ 40 ಸೆಂಟಿಮೀಟರು ಎತ್ತರ, 25 ಅಗಲ, 25 ಆಳವಿದ್ದರೆ ಲೆಕ್ಕಕ್ಕೆ 25 ಲೀಟರು. 18 ಮಿಲಿಮೀಟರಿನ ಹಲಗೆ ಎಲ್ಲ ಮಗ್ಗುಲಿಂದಲೂ ತನ್ನ ಪಾಲು ತೆಗೆದುಕೊಂಡ ಮೇಲೆ ಒಳಗುಳಿಯುವುದು 17 ಲೀಟರೂ ಇಲ್ಲ. ನಕ್ಷೆಯಲ್ಲಿ 'ಒಳ ಅಳತೆ' ಎಂದು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಬರೆದಿರಬೇಕು.