ಒಲೆಯ ಉರಿ ಹಳದಿಯಾದರೆ ಗ್ಯಾಸ್ ಕಲಬೆರಕೆಯೇ?

ಗ್ಯಾಸ್ ಒಲೆಯ ಉರಿ ಹಳದಿಯಾದ ಕೂಡಲೇ ಸಿಲಿಂಡರ್‌ನಲ್ಲಿ ಕಲಬೆರಕೆ ಎಂದುಕೊಳ್ಳಬೇಡಿ. ಬೇಕಾದಷ್ಟು ಗಾಳಿ ಬೆರೆತರೆ ಗ್ಯಾಸ್ ಪೂರ್ತಿಯಾಗಿ ಉರಿದು ನೀಲಿ ಜ್ವಾಲೆ ಬರುತ್ತದೆ. ಬರ್ನರ್ ತೂತುಗಳು ಕಟ್ಟಿಕೊಂಡು ಗಾಳಿ ಕಡಿಮೆಯಾದರೆ ಇಂಗಾಲದ ಸಣ್ಣ ಕಣಗಳು ಉರಿಯದೆ ಉಳಿದು, ಕಾದು, ಹಳದಿಯಾಗಿ ಹೊಳೆಯುತ್ತವೆ. ಪಾತ್ರೆಯ ತಳಕ್ಕೆ ಹತ್ತುವ ಮಸಿಯೂ ಇದೇ.

ಸಾರು ಉಕ್ಕಿ ಬಿದ್ದಾಗಲೂ ಉರಿ ಹಳದಿಯಾಗುತ್ತದೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ.

ಹಳದಿ ಉರಿ ಹೋಗದಿದ್ದರೆ ಮಾತ್ರ ನಿರ್ಲಕ್ಷಿಸಬೇಡಿ. ಅರೆಬರೆ ಉರಿದ ಗ್ಯಾಸ್‌ನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಪ್ರಾಣವನ್ನೇ ತೆಗೆಯಬಲ್ಲದು. ಒಲೆ ಆರಿಸಿ, ಕಿಟಕಿ ತೆರೆಯಿರಿ. ತಣ್ಣಗಾದ ಮೇಲೆ ಬರ್ನರ್ ತೊಳೆದು ಒಣಗಿಸಿ. ಆಮೇಲೂ ಸರಿಹೋಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.