ಹದಿನಾಲ್ಕರಲ್ಲಿ ಮಿಂಚಿದವರು ಇಪ್ಪತ್ತೊಂದರಲ್ಲಿ ಎಲ್ಲಿ?

ಆರ್.ಟಿ. ನಗರದ ಎಚ್‌ಎಂಟಿ ಮೈದಾನದಲ್ಲಾಗಲಿ, ಯಲಹಂಕ, ಹೆಬ್ಬಾಳದ ಟರ್ಫ್‌ಗಳಲ್ಲಾಗಲಿ ಹದಿನಾಲ್ಕರ ಹುಡುಗರ ಫುಟ್‌ಬಾಲ್ ನೋಡಿ. ಹತ್ತೇ ನಿಮಿಷದಲ್ಲಿ ಒಬ್ಬ ಕಣ್ಣಿಗೆ ಬೀಳುತ್ತಾನೆ. ಉಳಿದವರಿಗಿಂತ ಒಂದು ತಲೆ ಎತ್ತರ, ಚಿಗುರುತ್ತಿರುವ ಮೀಸೆ, ಚೆಂಡು ಸಿಕ್ಕರೆ ಯಾರ ಕೈಗೂ ಸಿಗದ ಓಟ. ‘ಇವನು ಇಂಡಿಯಾಗೆ ಆಡ್ತಾನೆ’ ಎಂದು ಪಕ್ಕದಲ್ಲಿ ನಿಂತ ಅಪ್ಪಂದಿರು ಮಾತಾಡಿಕೊಳ್ಳುತ್ತಾರೆ. ಏಳು ವರ್ಷ ಕಳೆದ ಮೇಲೆ ಆ ಹುಡುಗ ಸಾಮಾನ್ಯವಾಗಿ ಯಾವ ದೊಡ್ಡ ಕ್ಲಬ್ಬಿನಲ್ಲೂ ಇರುವುದಿಲ್ಲ.

ಶಿಸ್ತು ಸಾಲಲಿಲ್ಲ, ಮೊಬೈಲ್ ಹಾಳು ಮಾಡಿತು ಎಂದು ನಾವು ಹುಡುಗನ ಮೇಲೆಯೇ ತಪ್ಪು ಹೊರಿಸುತ್ತೇವೆ. ಸಂಶೋಧನೆ ಬೇರೆಯದನ್ನೇ ಹೇಳುತ್ತದೆ. ಜರ್ಮನಿಯ ಕ್ರೀಡಾವಿಜ್ಞಾನಿ ಆರ್ನೆ ಗ್ಯೂಲಿಷ್ ಮತ್ತು ಸಂಗಡಿಗರು ಹಲವು ಕ್ರೀಡೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. 17-18ರ ಪ್ರಾಯದಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿದ್ದವರ ಪೈಕಿ ಸುಮಾರು ಶೇ 89 ಮಂದಿ ಹಿರಿಯರ ವಿಭಾಗದಲ್ಲಿ ಆ ಮಟ್ಟ ಮುಟ್ಟಲಿಲ್ಲ. ಹಿರಿಯರಲ್ಲಿ ಆ ಮಟ್ಟಕ್ಕೇರಿದವರ ಪೈಕಿ ಶೇ 82 ಮಂದಿ ಕಿರಿಯರಾಗಿದ್ದಾಗ ಆ ಪಟ್ಟಿಯಲ್ಲೇ ಇರಲಿಲ್ಲ. ಅಂದರೆ ನಾವು ಆರಿಸುವವರು ಮತ್ತು ಕೊನೆಗೆ ಗೆಲ್ಲುವವರು ಬಹುಮಟ್ಟಿಗೆ ಬೇರೆ ಬೇರೆ ಮಕ್ಕಳು. ಎಡವುತ್ತಿರುವುದು ಹೆಚ್ಚಾಗಿ ಆಯ್ಕೆಗಾರರ ಕಣ್ಣು.

ಆ ಕಣ್ಣನ್ನು ಮೋಸಗೊಳಿಸುವುದು ದೇಹ. ಗಂಡುಮಕ್ಕಳು ಸರಾಸರಿ ಹದಿನಾಲ್ಕರ ಆಸುಪಾಸಿನಲ್ಲಿ ಅತಿ ವೇಗವಾಗಿ ಬೆಳೆಯುತ್ತಾರೆ, ವರ್ಷಕ್ಕೆ ಸುಮಾರು 9 ಸೆಂ.ಮೀ. ಆದರೆ ಒಬ್ಬನಿಗೆ ಆ ಜಿಗಿತ ಹನ್ನೆರಡಕ್ಕೇ ಬಂದರೆ ಇನ್ನೊಬ್ಬನಿಗೆ ಹದಿನಾರರ ತನಕ ಬಾರದು. ಒಂದೇ ವರ್ಷ ಹುಟ್ಟಿದ ಇಬ್ಬರ ದೇಹದ ವಯಸ್ಸಿನಲ್ಲಿ ನಾಲ್ಕೈದು ವರ್ಷದ ಅಂತರ ಇರಬಹುದು. ಮೊದಲೇ ಬೆಳೆದವನಿಗೆ ಸ್ನಾಯು, ವೇಗ, ಧೈರ್ಯ ಎಲ್ಲವೂ ಹೆಚ್ಚು. ಅವನು ಆಯ್ಕೆಯಾಗುತ್ತಾನೆ, ಒಳ್ಳೆಯ ಕೋಚ್, ಹೆಚ್ಚು ಪಂದ್ಯ ಸಿಗುತ್ತವೆ. ತಡವಾಗಿ ಬೆಳೆಯುವವನು ಬೆಂಚಿನಲ್ಲಿ ಕೂತು ಕೂತು ಒಂದು ದಿನ ಬರುವುದನ್ನೇ ಬಿಡುತ್ತಾನೆ. ಹದಿನೆಂಟಕ್ಕೆ ಎಲ್ಲರ ಎತ್ತರ, ಬಲ ಹತ್ತಿರ ಹತ್ತಿರ ಬಂದಾಗ ಬಲದಿಂದಲೇ ಗೆದ್ದು ಬಂದವನ ಕಾಲಿನಲ್ಲಿ ಕೌಶಲ ಸಾಲದು. ಕೌಶಲ ಕಲಿತಿದ್ದ ಚಿಕ್ಕವನೋ, ಆಗಲೇ ಮೈದಾನ ಬಿಟ್ಟಿರುತ್ತಾನೆ.

ಇದಕ್ಕೆ ಹುಟ್ಟಿದ ತಿಂಗಳೂ ಸೇರಿಕೊಳ್ಳುತ್ತದೆ. ಫುಟ್‌ಬಾಲಿನಲ್ಲಿ ವಯೋಮಿತಿಯ ಗೆರೆ ಸಾಮಾನ್ಯವಾಗಿ ಜನವರಿ 1. ಯುರೋಪಿನ ಅಕಾಡೆಮಿಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ನಾಲ್ಕರಲ್ಲಿ ಒಬ್ಬರಿರುವ ಬದಲು ಹತ್ತರಲ್ಲಿ ನಾಲ್ವರಷ್ಟು ಇರುವುದು ಮತ್ತೆ ಮತ್ತೆ ಕಂಡುಬಂದಿದೆ. ನಮ್ಮಲ್ಲಿ ಇನ್ನೊಂದು ತೊಡಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಎಷ್ಟು ಕನ್ನಡಿಗರ ಜನ್ಮದಿನವಲ್ಲ! ದಾಖಲೆಯ ವಯಸ್ಸು, ನಿಜವಾದ ವಯಸ್ಸು, ಮೂಳೆಯ ವಯಸ್ಸು ಮೂರೂ ಬೇರೆಯಾದಾಗ ‘14 ವರ್ಷದೊಳಗಿನವರ’ ಪಂದ್ಯ ನಿಜಕ್ಕೂ ಯಾರ ನಡುವಿನದು? ಇದೇ ಕಾರಣಕ್ಕೆ ಫಿಫಾ 2009ರಿಂದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂಆರ್‌ಐ ಮಾಡಿಸುತ್ತಿದೆ. ಮೂಳೆಯ ಬೆಳವಣಿಗೆಯ ಫಲಕ ಪೂರ್ತಿ ಬೆಸೆದಿದ್ದರೆ ಹುಡುಗ ಹದಿನೇಳು ದಾಟಿರುವುದು ಬಹುತೇಕ ಖಚಿತ.

ಬೆಳೆಯುವ ಕಾಲದ ನೋವನ್ನೂ ನಾವು ತಪ್ಪಾಗಿ ಓದುತ್ತೇವೆ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಮತ್ತು ಸ್ನಾಯುರಜ್ಜು ಹಿಂದೆ ಉಳಿಯುತ್ತವೆ. ಮಂಡಿಚಿಪ್ಪಿನ ಕೆಳಗೆ ರಜ್ಜು ಅಂಟಿರುವ ಎಳೆಯ ಮೂಳೆಯನ್ನು ಪ್ರತಿ ಒದೆತವೂ ಎಳೆಯುತ್ತದೆ. ಅಲ್ಲಿ ಗಂಟಾಗಿ ನೋಯುತ್ತದೆ. ಇದು ಆಸ್‌ಗುಡ್-ಶ್ಲಾಟರ್ ತೊಂದರೆ. ಕಾಲು ದಿಢೀರ್ ಉದ್ದವಾದ್ದರಿಂದ ನಿನ್ನೆ ತನಕ ಬರುತ್ತಿದ್ದ ಡ್ರಿಬಲ್ ಇವತ್ತು ಬರುವುದಿಲ್ಲ. ಕೋಚ್ ‘ಸೋಮಾರಿಯಾಗಿದ್ದಾನೆ’ ಅನ್ನುತ್ತಾರೆ. ಆ ತಿಂಗಳುಗಳಲ್ಲಿ ಅವನಿಗೆ ಬೇಕಾದದ್ದು ಕಡಿಮೆ ಓಟ, ಕಡಿಮೆ ಜಿಗಿತ ಮತ್ತು ತಾಳ್ಮೆ.

ಪರಿಹಾರ ದುಬಾರಿಯಲ್ಲ. ತಂದೆ, ತಾಯಿಯ ಎತ್ತರ, ಹುಡುಗನ ಈಗಿನ ವಯಸ್ಸು, ಎತ್ತರ, ತೂಕ ಇಷ್ಟಿದ್ದರೆ ಅವನು ಎಷ್ಟು ಎತ್ತರಕ್ಕೆ ಬೆಳೆದಾನು ಎಂದು ಅಂದಾಜಿಸುವ ಸೂತ್ರವನ್ನು ಖಾಮಿಸ್ ಮತ್ತು ರೋಷ್ 1994ರಲ್ಲೇ ಕೊಟ್ಟಿದ್ದಾರೆ. ಆ ಎತ್ತರದ ಶೇ 85ರಿಂದ 90ರಷ್ಟು ಮುಟ್ಟಿದವರನ್ನು ಒಟ್ಟಿಗೆ ಆಡಿಸುವ ಪ್ರಯೋಗವನ್ನು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು ಮಾಡಿವೆ. ಬೇಗ ಬೆಳೆದವನು ಅಲ್ಲಿ ಮೊದಲ ಸಲ ಬುದ್ಧಿ ಉಪಯೋಗಿಸಬೇಕಾಗುತ್ತದೆ, ತಡವಾಗಿ ಬೆಳೆಯುವವನು ಮೊದಲ ಸಲ ಮುಂದಾಳುತನ ವಹಿಸುತ್ತಾನೆ. ಬೆಲ್ಜಿಯಂ ಅಂತೂ ತಡವಾಗಿ ಬೆಳೆಯುವವರಿಗೆಂದೇ ಪ್ರತ್ಯೇಕ ರಾಷ್ಟ್ರೀಯ ಕಿರಿಯರ ತಂಡ ಕಟ್ಟಿದೆ.

ಇಷ್ಟೆಲ್ಲ ದಾಟಿದರೂ ಮುಂದಿನ ಬಾಗಿಲು ಇನ್ನೂ ಕಿರಿದು. ಬೆಂಗಳೂರು ಎಫ್‌ಸಿಯನ್ನೇ ನೋಡಿ. ಗುರ್‌ಪ್ರೀತ್ ಸಿಂಗ್ ಸಂಧು 2017ರಲ್ಲಿ ಗೋಲ್‌ಕೀಪರ್ ಆಗಿ ಬಂದವರು. ಆಗ ಯಲಹಂಕದಲ್ಲಿ ಹದಿನಾಲ್ಕರ ಹುಡುಗನೊಬ್ಬ ಗ್ಲೌಸ್ ಹಾಕಿಕೊಂಡಿದ್ದರೆ 2024-25ರ ಋತುವಿನಲ್ಲಿ ಅವನಿಗೆ ಇಪ್ಪತ್ತೊಂದು, ಕಂಬಗಳ ನಡುವೆ ನಿಂತದ್ದು ಆಗಲೂ ಸಂಧು. ಅದೇ ಋತುವಿನಲ್ಲಿ ಸುನಿಲ್ ಚೆಟ್ರಿ ನಲವತ್ತರ ಹರೆಯದಲ್ಲಿ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 14 ಗೋಲು ಹೊಡೆದರು. ಅವರ ಮೇಲೆ ನನಗೆ ಅಪಾರ ಗೌರವ. ಅವರನ್ನು ಕೂರಿಸಿ ಹದಿನೆಂಟರವನನ್ನು ಇಳಿಸಿ ಎಂದು ಯಾವ ಕೋಚ್‌ಗೂ ಹೇಳಲಾಗದು. ಜೊತೆಗೆ ನಾಲ್ವರು ವಿದೇಶಿಯರು ಮೈದಾನದಲ್ಲಿರಬಹುದು, ಗೋಲು ಹೊಡೆಯುವ ಜಾಗ ಹೆಚ್ಚಾಗಿ ಅವರದೇ.

ಹಾಗೆಂದು ಕ್ಲಬ್ಬಿನ ಕಿರಿಯರು ದುರ್ಬಲರಲ್ಲ. ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗನ್ನು 2022 ಮತ್ತು 2023ರಲ್ಲಿ ಗೆದ್ದದ್ದು ಅವರೇ. ಶಿವಶಕ್ತಿ ನಾರಾಯಣನ್ ಆ ತಂಡದಿಂದ ಮೇಲೇರಿ ಐಎಸ್‌ಎಲ್‌ನ 2022-23ರ ಉದಯೋನ್ಮುಖ ಆಟಗಾರರಾದರು. 2024ರ ಸೆಪ್ಟೆಂಬರಿನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದ ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್‌ಗೆ ಆಗ ಹತ್ತೊಂಬತ್ತು. ಆದರೆ ಆ ಲೀಗಿನ ಕಪ್ ಎತ್ತಿದ ಎಲ್ಲರಿಗೂ ಅಂಥ ಸಂಜೆ ಬರಲಿಲ್ಲ.

ಹದಿನೇಳರಿಂದ ಇಪ್ಪತ್ತೊಂದರ ತನಕ ಹುಡುಗನಿಗೆ ಬೇಕಾದದ್ದು ದೊಡ್ಡವರ ಎದುರು ಆಡುವ ಪಂದ್ಯಗಳು. ತರಬೇತಿ ಅದಕ್ಕೆ ಬದಲಿಯಲ್ಲ. ದೊಡ್ಡವರ ಆಟದಲ್ಲಿ ಚೆಂಡು ಕಾಲಿಗೆ ಬರುವ ಮೊದಲೇ ಅತ್ತಿತ್ತ ನೋಡಿ ತೀರ್ಮಾನಿಸಬೇಕು, ಆ ಅಭ್ಯಾಸ ಅಲ್ಲಿ ಸೋತೇ ಬರಬೇಕು. ಒಂದು ಕಾಲಕ್ಕೆ ಈ ಊರಿನಲ್ಲಿ ಅದಕ್ಕೆ ದಾರಿಯಿತ್ತು. 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ನಮ್ಮ ಐಟಿಐ ತಂಡ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಹತ್ತೊಂಬತ್ತರವನಿಗೆ ಕೆಲಸವನ್ನೂ ಕೊಟ್ಟು, ಅನುಭವಿಗಳ ಪಕ್ಕದಲ್ಲಿ ಆಡಿಸುತ್ತಿದ್ದವು. ಯಲಹಂಕದ ರೈಲು ಗಾಲಿ ಕಾರ್ಖಾನೆಯ ತಂಡವೂ ಬೆಂಗಳೂರು ಲೀಗಿನಲ್ಲಿ ಆಡಿದೆ. ಅಂಥ ತಂಡಗಳ ಬಲ ಕುಗ್ಗಿದಂತೆ ನಡುವಿನ ಮೆಟ್ಟಿಲು ಮುರಿಯಿತು. ಹುಡುಗನಿಗೆ ಇದೇ ವಯಸ್ಸಿನ ಆಸುಪಾಸಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಬರುತ್ತವೆ. ಭರವಸೆಯ ಸಂಬಳ ಕಾಣದಿದ್ದಾಗ ಬೂಟು ಮೂಲೆಗೆ ಸೇರಿಸುವ ಮನೆಯವರನ್ನು ನಾನು ದೂರುವುದಿಲ್ಲ.

ಮೆಟ್ಟಿಲು ಹಾಕಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು. 21 ಹುಡುಗರಲ್ಲಿ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಮತ್ತು ಹೆನ್ರಿ ಆಂಟೋನಿ ಇದ್ದರು. ಫುಟ್‌ಬಾಲ್ ಫೆಡರೇಷನ್ ಆ ತಂಡದ ಹೆಚ್ಚಿನವರನ್ನು ‘ಇಂಡಿಯನ್ ಆ್ಯರೋಸ್’ ಹೆಸರಿನಲ್ಲಿ ಐ-ಲೀಗ್‌ಗೆ ಇಳಿಸಿತು. ಮೊದಲ ಋತುವಿನಲ್ಲಿ ಅವರು ಕೊನೆಯ ಸ್ಥಾನದಲ್ಲಿದ್ದರು. ಆದರೆ ಪ್ರತಿ ವಾರ ಬೆಳೆದ ಗಂಡಸರ ಎದುರು ಆಡಿದರು. ಜೀಕ್ಸನ್ ಸಿಂಗ್, ಸುರೇಶ್ ಸಿಂಗ್, ರಹೀಮ್ ಅಲಿ, ಅನ್ವರ್ ಅಲಿ ಮುಂದೆ ಹಿರಿಯರ ಭಾರತ ತಂಡಕ್ಕೆ ಬಂದರು. ಸುರೇಶ್ ಬೆಂಗಳೂರು ಎಫ್‌ಸಿಯ ನಡುಭಾಗಕ್ಕೆ ಆಧಾರವಾದರು. ದೇಶವೆಲ್ಲ ಜರಡಿ ಹಿಡಿದು ಆರಿಸಿದ ಹುಡುಗರು ಅವರು, ನಿಜ. ಆದರೂ ಆ ಪಂದ್ಯಗಳಿಲ್ಲದೆ ಇಷ್ಟು ಮಂದಿ ಉಳಿಯುತ್ತಿದ್ದರೆಂದು ನಾನು ನಂಬಲಾರೆ. ಆ್ಯರೋಸ್ ಅನ್ನು 2022ರಲ್ಲಿ ಮುಚ್ಚಲಾಯಿತು.

ಕೋಚ್‌ಗಳಲ್ಲಿ ಒಂದು ವಿನಂತಿ: ಮೂರು ತಿಂಗಳಿಗೊಮ್ಮೆ ಪ್ರತಿ ಹುಡುಗನ ಎತ್ತರ ಬರೆದಿಡಿ, ಹದಿನಾರಕ್ಕೆ ಮುಂಚೆ ಗಾತ್ರ ನೋಡಿ ಯಾರನ್ನೂ ಕೈಬಿಡಬೇಡಿ. ರಾಜ್ಯ ಸಂಸ್ಥೆ ಮತ್ತು ಕ್ಲಬ್ಬುಗಳಲ್ಲಿ ಇನ್ನೊಂದು: ಹದಿನೆಂಟರ ಹುಡುಗನನ್ನು ಬೆಂಚಿನಲ್ಲಿ ಕೂರಿಸುವ ಬದಲು ಬೆಂಗಳೂರು ಲೀಗಿನ ಯಾವುದಾದರೂ ತಂಡಕ್ಕೆ ಎರವಲು ಕೊಟ್ಟು ಪೂರ್ತಿ ತೊಂಬತ್ತು ನಿಮಿಷ ಆಡಿಸಿ.